ಸದನದಲ್ಲಿ ನನ್ನ ಹೆಸರು ಹೇಳಿದ ಶಾಸಕರ ಮೇಲೆ ಕೇಸ್ ಹಾಕಬಹುದಾ?

ಪ್ರಶ್ನೆ: ಮೇಡಂ, ಬೆಂಗಳೂರಿನ ಒಂದು ಬಡಾವಣೆಯಲ್ಲಿ 22 ವರ್ಷದಿಂದ ಇದ್ದೇನೆ. ಮನೆ ಕೆಳಗೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಳೆದ ಅಧಿವೇಶನದಲ್ಲಿ ಶಾಸಕರೊಬ್ಬರು ಮನೆಗಳಿಗೆ ಮಳೆನೀರು ನುಗ್ಗಿದ ವಿಷಯ ಮಾತಾಡುತ್ತಾ, ನನ್ನ ಹೆಸರು, ಕ್ರಾಸ್ ನಂಬರ್ ಎಲ್ಲ ಹೇಳಿ "ರಾಜಕಾಲುವೆ ನುಂಗಿ ಮನೆ ಕಟ್ಟಿದ್ದಾರೆ" ಅಂದರು. ನಮ್ಮ ಸರ್ವೆ ಸ್ಕೆಚ್ ನೋಡಿದರೆ ಕಾಲುವೆ ನಮ್ಮ ಗೋಡೆಯಿಂದ ಎಷ್ಟೋ ದೂರದಲ್ಲಿದೆ. ಆ ವಿಡಿಯೊ ತುಣುಕು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ಮೇಲೆ, ಹೊಲಿಯಲು ಬ್ಲೌಸ್ ಕೊಟ್ಟಿದ್ದವರು ವಾಪಸ್ ತಗೊಂಡು ಹೋದರು. ವಕೀಲರೊಬ್ಬರನ್ನು ಕೇಳಿದೆ. "ಸದನದ ಮಾತಿಗೆ ಕೇಸ್ ಇಲ್ಲ" ಅಂದರು. ಹಾಗಾದರೆ ನನಗೆ ಕೋರ್ಟಿಗೆ ಹೋಗುವ ಹಕ್ಕೇ ಇಲ್ವಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಕೀಲರು ಹೇಳಿದ್ದು ಸರಿ. ಶಾಸಕರು ಸದನದೊಳಗೆ ಆಡಿದ ಮಾತಿಗೆ ಯಾವ ಕೋರ್ಟಿನಲ್ಲೂ ಅವರ ಮೇಲೆ ಕೇಸ್ ನಡೆಯುವುದಿಲ್ಲ. ಸಂವಿಧಾನದ 194ನೇ ವಿಧಿ ಕೊಟ್ಟಿರುವ ರಕ್ಷಣೆ ಅದು. ಸಂಸದರಿಗೆ ಇದೇ ರಕ್ಷಣೆ 105ನೇ ವಿಧಿಯಲ್ಲಿದೆ. ಮಾತು ಸುಳ್ಳಾಗಿದ್ದರೂ ಅಷ್ಟೇ. ಪುರಿ ಶಂಕರಾಚಾರ್ಯರ ಬಗ್ಗೆ ಲೋಕಸಭೆಯಲ್ಲಿ ಆಡಿದ ಮಾತುಗಳಿಂದ ಅವಮಾನವಾಯಿತು ಅಂತ ಅವರ ಅನುಯಾಯಿಗಳು 26,000 ರೂಪಾಯಿ ಪರಿಹಾರ ಕೇಳಿ ದಾವೆ ಹಾಕಿದ್ದರು. ಆ ವಿಧಿಯಲ್ಲಿರುವ 'ಏನೇ ಹೇಳಿದರೂ' ಅನ್ನುವ ಮಾತಿನಲ್ಲಿ ಎಲ್ಲವೂ ಸೇರಿತು, ಅದಕ್ಕೆ ಕೋರ್ಟಿನಲ್ಲಿ ಜಾಗವಿಲ್ಲ ಅಂತ ಸುಪ್ರೀಂ ಕೋರ್ಟ್ 1970ರಲ್ಲಿ ಹೇಳಿತು. ಇವತ್ತಿಗೂ ಅದೇ ನಡೆಯುತ್ತಿದೆ.

ನಾನು ಜೂನಿಯರ್ ಆಗಿದ್ದಾಗ ನಮ್ಮ ಸೀನಿಯರ್ ಹತ್ತಿರ ಇಂಥದೇ ನೋವು ಹೊತ್ತು ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಪತ್ರಿಕೆಯ ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. ಎಷ್ಟು ಸಲ ಬಿಚ್ಚಿ ಮಡಚಿದ್ದರೋ, ಮಡಿಕೆಯ ಜಾಗದಲ್ಲಿ ಅಕ್ಷರವೇ ಅಳಿಸಿಹೋಗಿತ್ತು. ಆಗುವುದಿಲ್ಲ ಅಂತ ಸೀನಿಯರ್ ಹೇಳಿ ಕಳಿಸಿದರು. ಅವರನ್ನು ಬಿಡಲು ನಾನು ಹೈಕೋರ್ಟಿನ ಗೇಟಿನವರೆಗೆ ಹೋದೆ. ರಸ್ತೆಯ ಆಚೆ ವಿಧಾನಸೌಧ, ಈಚೆ ಅಠಾರಾ ಕಚೇರಿ. ಮೇಷ್ಟ್ರು ಎರಡನ್ನೂ ನೋಡಿ, "ಅಲ್ಲಮ್ಮಾ, ಅಲ್ಲಿ ಅಂದದ್ದನ್ನ ಇಲ್ಲಿ ಕೇಳೋಕಾಗಲ್ಲ ಅಂದ್ರೆ, ಇನ್ನೆಲ್ಲಿ ಕೇಳ್ಲಿ?" ಅಂದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ.

ನಿಮ್ಮಂತೆಯೇ ನೊಂದ ಒಬ್ಬ ತಾಯಿ ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿದ್ದರು. 1996ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಸದಸ್ಯರೊಬ್ಬರು ಆಕೆಯ ಹೆಸರು, ಮನೆ ವಿಳಾಸ ಎರಡನ್ನೂ ಹೇಳಿ, ಅಕ್ಕಪಕ್ಕದವರಿಗೆ ನರಕ ತೋರಿಸುವ ಕುಟುಂಬ ಅಂತ ದೂರಿದರು. ಆಕೆಗೆ ಬೈಗುಳದ ಕಾಗದಗಳು ಬಂದವು, ಬೀದಿಯಲ್ಲಿ ಜನ ಉಗಿದರು. ಕೊನೆಗೆ ಮನೆ ಬಿಡಬೇಕಾಯಿತು, ಮಕ್ಕಳ ಶಾಲೆಯೂ ಬದಲಾಯಿತು. ಕೋರ್ಟಿಗೆ ಹೋಗುವ ನನ್ನ ಹಕ್ಕು ಕಿತ್ತುಕೊಂಡಂತಾಯಿತು ಅಂತ ಆಕೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. ಆ ಹಕ್ಕಿಗೆ ತಡೆ ಬಿದ್ದದ್ದು ನಿಜ, ಆದರೆ ಸಂಸತ್ತಿನಲ್ಲಿ ಧೈರ್ಯವಾಗಿ ಮಾತಾಡಲು ಅದು ಬೇಕು ಅಂತ 2002ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಆಕೆ ಸೋತರು.

ಆದರೆ ಮರುತಿಂಗಳೇ ಅದೇ ನ್ಯಾಯಾಲಯ ಇನ್ನೊಂದು ಕೇಸಿನಲ್ಲಿ ಬೇರೆ ಮಾತು ಹೇಳಿತು. ಇಟಲಿಯ ಮಾಜಿ ರಾಷ್ಟ್ರಪತಿ, ಸೆನೆಟರ್ ಕೊಸ್ಸಿಗಾ ಅವರು ಒಬ್ಬ ಸರ್ಕಾರಿ ಅಭಿಯೋಜಕರಿಗೆ ಹಂಗಿಸುವ ಕಾಗದ ಬರೆದು, ಜೊತೆಗೆ ಮರದ ಕುದುರೆ, ಮೂರು ಚಕ್ರದ ಸೈಕಲ್ಲು ಕಳಿಸಿದ್ದರು. ಸೆನೆಟರ್‌ಗೆ ರಕ್ಷಣೆ ಇದೆ ಅಂತ ಅಲ್ಲಿಯ ಕೋರ್ಟುಗಳು ಬಾಗಿಲು ಹಾಕಿದವು. ಇದು ಸಂಸತ್ತಿನ ಕೆಲಸವೇ ಅಲ್ಲ, ಬಾಗಿಲು ಹಾಕಿದ್ದು ತಪ್ಪು ಅಂತ ತೀರ್ಪಾಯಿತು.

ನಮ್ಮಲ್ಲೂ ಹಾಗೇ ಗಡಿ ಇದೆ. ಸದನದಲ್ಲಿ ಕುರ್ಚಿ, ಮೈಕ್ ಮುರಿದರೆ ರಕ್ಷಣೆ ಇಲ್ಲ, ಕೇರಳದ ಶಾಸಕರ ಕೇಸಿನಲ್ಲಿ 2021ರಲ್ಲಿ ತೀರ್ಮಾನವಾಗಿದೆ. ಲಂಚ ತಗೊಂಡು ಮಾತಾಡಿದರೆ, ಮತ ಹಾಕಿದರೆ ಆ ಲಂಚಕ್ಕೂ ಇಲ್ಲ ಅಂತ 2024ರ ಮಾರ್ಚ್‌ನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು.

ನಿಮ್ಮ ದಾರಿ ಇರುವುದು ಈ ಗಡಿಯ ಆಚೆ. ಅದೇ ಶಾಸಕರು ಹೊರಗೆ ಬಂದು ಟೀವಿ ಮೈಕಿನ ಮುಂದೆ ಅದೇ ಮಾತು ಹೇಳಿದರಾ? ತಮ್ಮ ಫೇಸ್‌ಬುಕ್‌ನಲ್ಲಿ ಬರೆದರಾ? ಹುಡುಕಿ. ಅಲ್ಲಿ ಅವರಿಗೂ ನಮಗೂ ಒಂದೇ ಕಾನೂನು. ಸದನದ ಕಲಾಪವನ್ನು ಹೆಚ್ಚುಕಮ್ಮಿ ಇದ್ದಂತೆ, ದುರುದ್ದೇಶವಿಲ್ಲದೆ ವರದಿ ಮಾಡಿದ ಪತ್ರಿಕೆ, ಚಾನೆಲ್‌ಗಳಿಗೆ 361ಎ ವಿಧಿಯ ರಕ್ಷಣೆ ಇದೆ. ತುಣುಕಿನ ಮೇಲೆ ತಾವೇ 'ಭೂಗಳ್ಳಿ' ಅಂತ ಬರೆದು ಹಂಚಿದವರಿಗೆ ಆ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಫೋನಿನಲ್ಲಿ ಬಂದದ್ದನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ.

ಇದಕ್ಕಿಂತ ಮುಖ್ಯವಾದದ್ದು ನಿಮ್ಮ ಮನೆ. ಸದನದಲ್ಲಿ ಹೇಳಿದ ಮಾತ್ರಕ್ಕೆ ಅದು ಒತ್ತುವರಿ ಆಗಿಬಿಡುವುದಿಲ್ಲ. ಆ ಮಾತು ಕೇಳಿ ಪಾಲಿಕೆಯವರೋ ತಹಶೀಲ್ದಾರರೋ ನೋಟಿಸ್ ಕೊಟ್ಟರೆ, ಆ ನೋಟಿಸನ್ನು ನೀವು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಅಲ್ಲಿ ಶಾಸಕರ ಮಾತು ಸಾಕ್ಷಿ ಆಗುವುದಿಲ್ಲ, ಸರ್ವೇಯರ್ ಅಳತೆ ಲೆಕ್ಕಕ್ಕೆ ಬರುತ್ತದೆ. ಈಗಲೇ ಗ್ರಾಮನಕ್ಷೆಯ ದೃಢೀಕೃತ ಪ್ರತಿ ತೆಗೆಸಿಡಿ.

ಈ ರಕ್ಷಣೆ ಇರಬೇಕು ಅನ್ನುವವಳೇ ನಾನು. ಇಲ್ಲದಿದ್ದರೆ ಕೆರೆ ನುಂಗಿದ ದೊಡ್ಡ ಕುಳಗಳ ಹೆಸರನ್ನು ಯಾವ ಶಾಸಕರೂ ಬಾಯಿಬಿಟ್ಟು ಹೇಳುವುದಿಲ್ಲ, ಮರುದಿನವೇ ಕೋಟಿಗಟ್ಟಲೆ ಪರಿಹಾರ ಕೇಳಿ ನೋಟಿಸ್ ಬರುತ್ತದೆ. ಆದರೆ ಆ ಕುಳಗಳಿಗೆ ಉತ್ತರ ಕೊಡಲು ನೂರು ದಾರಿ ಇವೆ, ನಿಮಗೆ ಒಂದೂ ಇಲ್ಲ. ಅದು ನನಗೆ ನುಂಗಲಾರದ ಸಂಗತಿ. ಆಸ್ಟ್ರೇಲಿಯಾದ ಸೆನೆಟ್‌ನಲ್ಲಿ 1988ರಿಂದ ಒಂದು ನಿಯಮ ಇದೆ. ಅಲ್ಲಿ ಹೆಸರು ಕೆಡಿಸಿಕೊಂಡ ಹೊರಗಿನವರು ಉತ್ತರ ಬರೆದು ಕಳಿಸಬಹುದು. ಸಮಿತಿ ನೋಡಿ ಒಪ್ಪಿದರೆ ಸದನದ ಕಡತಕ್ಕೇ ಅದು ಸೇರುತ್ತದೆ. ಬೈದ ಪುಸ್ತಕದಲ್ಲೇ ಉತ್ತರವೂ ಇರುತ್ತದೆ. ಮೇಷ್ಟ್ರು ಕೇಳಿದ್ದೂ ಇಷ್ಟೇ ಅಲ್ವಾ? ನಮ್ಮ ವಿಧಾನಸಭೆಗೂ ಇದು ಬರಬೇಕು.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಸ್ಪೀಕರ್‌ಗೆ ಒಂದು ಪತ್ರ ಬರೆಯಿರಿ. ಅವರು ಕ್ರಮ ತಗೊಳ್ಳಲೇಬೇಕು ಅಂತಿಲ್ಲ, ಆದರೂ ಸ್ವೀಕೃತಿ ಇಟ್ಟುಕೊಳ್ಳಿ. ಸ್ಕೆಚ್ ಹಿಡಿದುಕೊಂಡು ಬೇರೊಬ್ಬ ಶಾಸಕರನ್ನೋ ವಿಧಾನ ಪರಿಷತ್ ಸದಸ್ಯರನ್ನೋ ಭೇಟಿಯಾಗಿ, ನಿಮ್ಮ ಪರವಾಗಿ ಸದನದಲ್ಲಿ ಎರಡು ಮಾತು ಆಡಿ ಅಂತ ಕೇಳಿ. ಅವರಿಗೂ ಅದೇ 194ನೇ ವಿಧಿಯ ರಕ್ಷಣೆ ಇದೆ. ಹೊರಗಿನ ಮಾತಿಗೆ ಮಾನನಷ್ಟದ ಪರಿಹಾರ ಕೇಳಿ ದಾವೆ ಹಾಕುವುದಾದರೆ ಒಂದೇ ವರ್ಷದ ಗಡುವು. ಆ ತುಣುಕಿಗೆ ಹೆಸರಿಟ್ಟು ಹಂಚಿದ್ದು ಯಾವ ತಾರೀಕು ಅಂತ ಇವತ್ತೇ ನೋಡಿ, ಬರೆದಿಡಿ.