ಪ್ಯಾಪ್ ರಿಪೋರ್ಟ್‌ನಲ್ಲಿ ‘ಎಚ್‌ಎಸ್‌ಐಎಲ್’ ಬಂದರೆ ಗರ್ಭಕೋಶ ತೆಗೆಸಬೇಕೇ?

ಪ್ರಶ್ನೆ: ನನಗೆ 38 ವರ್ಷ, ಇಬ್ಬರು ಮಕ್ಕಳು. ಪ್ಯಾಪ್ ಸ್ಮಿಯರ್‌ನಲ್ಲಿ ‘ಎಚ್‌ಎಸ್‌ಐಎಲ್’ ಎಂದು ಬಂದಿದೆ. ಡಾಕ್ಟರ್ ಕಾಲ್ಪೊಸ್ಕೋಪಿಗೆ ಬರೆದುಕೊಟ್ಟಿದ್ದಾರೆ. ಮನೆಯವರು, ‘ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಡು’ ಅನ್ನುತ್ತಾರೆ. ಇದು ಕ್ಯಾನ್ಸರೇ? ರಾತ್ರಿ ನಿದ್ದೆಯಿಲ್ಲ.

ಉತ್ತರ: ಗರ್ಭಕೋಶ ತೆಗೆಸುವ ಮಾತು ಈಗ ಬೇಡವೇ ಬೇಡ. ಗರ್ಭಕೊರಳಿನ ಮೇಲ್ಪದರದ ಜೀವಕೋಶಗಳು ಹೆಚ್ಚು ಬದಲಾದಂತೆ ಕಾಣುತ್ತಿವೆ ಎಂದಷ್ಟೇ ಆ ರಿಪೋರ್ಟಿನ ಅರ್ಥ, ಕ್ಯಾನ್ಸರ್ ಎಂದಲ್ಲ. ಸ್ಮಿಯರ್‌ನಲ್ಲಿ ಸಿಗುವುದು ಉಜ್ಜಿ ತೆಗೆದ ಬಿಡಿ ಕೋಶಗಳು. ಬದಲಾವಣೆ ಎಷ್ಟು ಆಳಕ್ಕಿದೆ ಎಂದು ಹೇಳುವುದು ಬಯಾಪ್ಸಿ, ಅಂದರೆ ಆ ಜಾಗದ ಚಿಕ್ಕ ಚೂರು ತೆಗೆದು ಮಾಡುವ ಪರೀಕ್ಷೆ. ಅದಿಲ್ಲದೆ ಗರ್ಭಕೋಶ ತೆಗೆದು, ಒಳಗೆ ಕ್ಯಾನ್ಸರ್ ಇತ್ತೆಂದು ಆಮೇಲೆ ತಿಳಿದರೆ ಆ ಆಪರೇಷನ್ ಸಾಲದು. ಇನ್ನೊಂದು ಆಪರೇಷನ್ನೋ ರೇಡಿಯೇಷನ್ನೋ ಬೇಕಾಗಬಹುದು.

ಕಾಲ್ಪೊಸ್ಕೋಪಿಯನ್ನು, ಅಂದರೆ ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆಯನ್ನು, ಮುಂದೂಡಬೇಡಿ. ಮುಟ್ಟಿನ ರಕ್ತಸ್ರಾವ ಇಲ್ಲದ ದಿನ ಹೋಗಿ. ಹಿಂದಿನ ಎರಡು ದಿನ ಲೈಂಗಿಕ ಸಂಪರ್ಕ, ಯೋನಿಯೊಳಗೆ ಇಡುವ ಮಾತ್ರೆ ಬೇಡ. ಸುಮಾರು ಕಾಲು ಗಂಟೆಯ ಕೆಲಸ. ಗರ್ಭಕೊರಳಿಗೆ 3–5% ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾಯುತ್ತಾರೆ, ತುಸು ಉರಿಯುತ್ತದೆ. ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಆಮೇಲೆ ಅಯೋಡಿನ್ ಹಚ್ಚಿದರೆ ಆರೋಗ್ಯವಂತ ಭಾಗ ಕಂದಾಗಿ, ಕೆಟ್ಟದ್ದು ಹಳದಿಯಾಗಿಯೇ ಉಳಿಯುತ್ತದೆ. ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ಚಿವುಟಿ ತೆಗೆಯುತ್ತಾರೆ. ರಕ್ತ ನಿಲ್ಲಲು ಹಚ್ಚುವ ಔಷಧಿಯಿಂದಾಗಿ ಕೆಲವು ದಿನ ಕಾಫಿ ಗಸಿಯಂಥ ಕಪ್ಪು ಸ್ರಾವ ಹೋಗಬಹುದು, ಗಾಬರಿ ಬೇಡ.

ಕೋಶಗಳ ಬದಲಾವಣೆಯ ಮಟ್ಟವನ್ನು ಬಯಾಪ್ಸಿಯಲ್ಲಿ ‘ಸಿಐಎನ್’ 1ರಿಂದ (ಅಲ್ಪ) 3ರವರೆಗೆ (ಹೆಚ್ಚು) ಬರೆಯುತ್ತಾರೆ. ‘ಸಿಐಎನ್ 1’ ಎಂದು ಬಂದರೆ ಬಹುಪಾಲು ತಾನಾಗಿಯೇ ಹೋಗುತ್ತದೆ. ಆದರೆ ನಿಮ್ಮ ಸ್ಮಿಯರ್ ಎಚ್‌ಎಸ್‌ಐಎಲ್ ಆದ್ದರಿಂದ ಹತ್ತಿರದಿಂದ ಗಮನಿಸುತ್ತಲೇ ಇರಬೇಕು. 2 ಅಥವಾ 3 ಬಂದರೆ ಸಾಮಾನ್ಯವಾಗಿ ಲೀಪ್: ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಕೆತ್ತಿ ತೆಗೆಯುವುದು. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ನಾಲ್ಕು ವಾರ ಸಂಪರ್ಕ, ಈಜು, ಭಾರ ಎತ್ತುವುದು ಬೇಡ. ಗಂಟೆಗೊಂದು ಪ್ಯಾಡ್ ತೋಯ್ದರೆ, ಜ್ವರ ಅಥವಾ ದುರ್ವಾಸನೆಯ ಸ್ರಾವ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಗು ಬೇಕೆನ್ನಿಸಿದ್ದರೆ ಮೊದಲೇ ಹೇಳಿ; ಆಳವಾಗಿ ಕೆತ್ತಿದಷ್ಟೂ ಮುಂದೆ ಅವಧಿಪೂರ್ವ ಹೆರಿಗೆಯ ಸಾಧ್ಯತೆ ಹೆಚ್ಚು.

ಇದಕ್ಕೆಲ್ಲ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್. ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಯಾರಿಂದ ಬಂತೆಂದು ಲೆಕ್ಕ ಹಾಕಿ ಮನೆಯಲ್ಲಿ ಮನಸ್ತಾಪ ಮಾಡಿಕೊಳ್ಳಬೇಡಿ. ಲೀಪ್ ಆದ 6ರಿಂದ 12 ತಿಂಗಳೊಳಗೆ ಎಚ್‌ಪಿವಿ ಪರೀಕ್ಷೆ ಮಾಡಿಸಿ. ಅಷ್ಟಕ್ಕೇ ಮುಗಿಯಿತೆಂದುಕೊಳ್ಳಬೇಡಿ, ಕನಿಷ್ಠ 25 ವರ್ಷ ತಪಾಸಣೆ ತಪ್ಪಿಸಬಾರದು. ಈ ತೊಂದರೆಗೆಂದು ಗರ್ಭಕೋಶ ತೆಗೆಸಿಕೊಂಡವರಿಗೂ ಯೋನಿಯ ಮೇಲ್ತುದಿಯ ತಪಾಸಣೆ ಬೇಕೇ ಬೇಕು. ಇದನ್ನೂ ಮನೆಯವರಿಗೆ ತಿಳಿಸಿ.