ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೊಟ್ಟೆ ಬರುವುದೇಕೆ, ಏನು ಮಾಡಬಹುದು?

"ಊಟ ಮೊದಲಿನಷ್ಟೇ ಇದೆ, ಆದರೂ ಸೊಂಟ ದಪ್ಪ ಆಗ್ತಿದೆ" ಎಂದಿದ್ದೀರಿ. ನಿಮ್ಮ ಮಾತು ನಿಜ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಸಾಕಷ್ಟಿರುವಾಗ ಕೊಬ್ಬು ಹೆಚ್ಚಾಗಿ ತೊಡೆ, ಪೃಷ್ಠಗಳಲ್ಲಿ ಸೇರುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಈ ಹಾರ್ಮೋನು ಇಳಿದಂತೆ ಕೊಬ್ಬು ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಕೂರತೊಡಗುತ್ತದೆ. ವಯಸ್ಸಾದಂತೆ ಸ್ನಾಯುವೂ ಕರಗುವುದರಿಂದ ದೇಹ ಖರ್ಚು ಮಾಡುವ ಕ್ಯಾಲರಿ ಕಡಿಮೆಯಾಗಿ, ಅದೇ ಊಟ ಈಗ ಹೆಚ್ಚಾಗುತ್ತದೆ.

ಹೊಟ್ಟೆಯದಷ್ಟೇ ಕೊಬ್ಬು ಕರಗಿಸುವ ವ್ಯಾಯಾಮ ಇಲ್ಲ. ನೂರು ಸಲ ಎದ್ದು ಬಗ್ಗಿದರೂ ಸ್ನಾಯು ಗಟ್ಟಿಯಾಗುತ್ತದೆ, ಅಷ್ಟೇ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಸಾಕು ಅಂದುಕೊಳ್ಳುವವರೇ ಹೆಚ್ಚು. ನಡಿಗೆಯ ಜೊತೆಗೆ ವಾರದಲ್ಲಿ 2 ದಿನ ಭಾರ ಎತ್ತುವ ವ್ಯಾಯಾಮವನ್ನೂ ದಯವಿಟ್ಟು ಬಿಡಬೇಡಿ. ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದರಿಂದಲೇ ಶುರು ಮಾಡಬಹುದು. ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ, ಸಿಹಿ ಪಾನೀಯ ಮತ್ತು ಮದ್ಯ ಕಡಿಮೆಯಾಗಲಿ. ಉಪವಾಸ ಬೀಳಬೇಡಿ, ಸ್ನಾಯು ಇನ್ನಷ್ಟು ಹೋಗುತ್ತದೆ. ರಾತ್ರಿ ಮೈ ಬಿಸಿಯಾಗಿ ಬೆವರಿ ನಿದ್ದೆ ಕೆಡುತ್ತಿದ್ದರೆ ಅದಕ್ಕೂ ಚಿಕಿತ್ಸೆ ಇದೆ, ಸಹಿಸಿಕೊಂಡು ಕೂರಬೇಡಿ.

ತೂಕದ ಯಂತ್ರಕ್ಕಿಂತ ಟೇಪನ್ನು ನಂಬಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು ಅಳೆಯಿರಿ. 80 ಸೆಂ.ಮೀ. ದಾಟಿದ್ದರೆ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಹೊಟ್ಟೆ ಕೆಲವೇ ವಾರಗಳಲ್ಲಿ ಉಬ್ಬಿದರೆ ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.