ಸರ್ಕಾರ ಬದಲಾದರೆ ರಾಕೆಟ್ ನಿಲ್ಲುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರು ಬದಲಾದಾಗಲೆಲ್ಲ ಒಬ್ಬರು ಚಂದ್ರ ಅನ್ನುತ್ತಾರೆ, ಇನ್ನೊಬ್ಬರು ಕ್ಷುದ್ರಗ್ರಹ, ಮತ್ತೊಬ್ಬರು ಮಂಗಳ. ನಮ್ಮಲ್ಲೂ 2035ಕ್ಕೆ ಬಾಹ್ಯಾಕಾಶ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು ಎಂದು ಘೋಷಿಸಿದ್ದಾರೆ. ಅಷ್ಟರೊಳಗೆ ಮೂರು ಲೋಕಸಭಾ ಚುನಾವಣೆ ಬಂದುಹೋಗುತ್ತವೆ. ಈ ಯೋಜನೆಗಳು ಉಳಿಯುತ್ತವೆಯೇ? ನಾನು ಏರೋಸ್ಪೇಸ್ ಓದುತ್ತಿದ್ದೇನೆ, ಮನೆಯಲ್ಲಿ ದಿನಾ ಇದೇ ಪ್ರಶ್ನೆ.
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮನೆಯವರ ಅನುಮಾನ ಸುಳ್ಳೇನಲ್ಲ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುವ ಹಾಗೆ, ಶ್ವೇತಭವನಕ್ಕೆ ಬಂದವರಿಗೆಲ್ಲ ಹೊಸದೊಂದು ಗುರಿ ಬೇಕು. 2004ರ ಜನವರಿಯಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಮತ್ತೆ ಚಂದ್ರನಿಗೆ ಹೋಗೋಣ ಎಂದರು. ಅದಕ್ಕಾಗಿ ಹುಟ್ಟಿದ್ದು 'ಕಾನ್‌ಸ್ಟೆಲೇಷನ್' ಯೋಜನೆ. 2010ರಲ್ಲಿ ಒಬಾಮಾ ಅದನ್ನು ರದ್ದು ಮಾಡಿ, ಚಂದ್ರನಲ್ಲಿಗೆ ಒಮ್ಮೆ ಹೋಗಿಬಂದಾಗಿದೆ, 2025ರ ಹೊತ್ತಿಗೆ ಕ್ಷುದ್ರಗ್ರಹಕ್ಕೆ ಹೋಗೋಣ ಎಂದರು. 2017ರಲ್ಲಿ ಟ್ರಂಪ್ ಕ್ಷುದ್ರಗ್ರಹವನ್ನು ಕೈಬಿಟ್ಟು ಚಂದ್ರನತ್ತ ತಿರುಗಿಸಿದರು. ಇದೇ ಮುಂದೆ 'ಆರ್ಟೆಮಿಸ್' ಆಯಿತು.

ಇಷ್ಟು ಓದಿದವರಿಗೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅನ್ನಿಸುತ್ತದೆ. ಆದರೆ ಒರಾಯನ್ ಎಂಬ ಗಗನನೌಕೆಯ ಜಾತಕ ನೋಡಿ. ಅದು ಬುಷ್ ಕಾಲದ ಕೂಸು, ಕಾನ್‌ಸ್ಟೆಲೇಷನ್‌ನ ಭಾಗ. ಯೋಜನೆ ಸತ್ತರೂ ಒರಾಯನ್ ಸಾಯಲಿಲ್ಲ. ನಾಸಾದ ಹಳೆಯ ಗಗನನೌಕೆ ಸ್ಪೇಸ್ ಶಟಲ್‌ನ ಎಂಜಿನ್‌ಗಳೂ ಸಾಯಲಿಲ್ಲ. ಒರಾಯನ್ ಹೊರಲೆಂದು ಮಾಡಿದ ಏರಿಸ್-1 ರಾಕೆಟ್ ಒಂದು ಪರೀಕ್ಷಾ ಹಾರಾಟದ ನಂತರ ಮೂಲೆ ಸೇರಿತು, ಆದರೆ ಅದಕ್ಕೆಂದು ರೂಪಿಸಿದ ಐದು ತುಂಡು ಜೋಡಿಸಿದ ಘನ ಇಂಧನ ಬೂಸ್ಟರ್ ಉಳಿಯಿತು. 2010ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು ಇದನ್ನೆಲ್ಲ ಒಟ್ಟುಗೂಡಿಸಿ ಎಸ್‌ಎಲ್‌ಎಸ್ (ಸ್ಪೇಸ್ ಲಾಂಚ್ ಸಿಸ್ಟಂ) ಎಂಬ ದೈತ್ಯ ರಾಕೆಟ್ ಕಟ್ಟಲೇಬೇಕೆಂದು ಕಾನೂನು ಮಾಡಿತು. 2022ರ ನವೆಂಬರ್ 16ರಂದು ಆರ್ಟೆಮಿಸ್-1 ಹೊರಟಾಗ ಮೇಲೆ ಕೂತಿದ್ದು ಅದೇ ಒರಾಯನ್. ಕೆಳಗೆ ಉರಿದಿದ್ದು ಹಿಂದೆ ಶಟಲ್‌ನಲ್ಲಿ ಹಾರಿಬಂದಿದ್ದ ಎಂಜಿನ್‌ಗಳು. ಆಗ ಅಧ್ಯಕ್ಷರಾಗಿದ್ದವರು ಬೈಡನ್, ಅಂದರೆ ಒರಾಯನ್ ಕಂಡ ನಾಲ್ಕನೆಯ ಅಧ್ಯಕ್ಷರು. ಇದೇ ಕಾನ್‌ಸ್ಟೆಲೇಷನ್‌ನಲ್ಲಿ ಚಂದ್ರನ ಮೇಲಿಳಿಯಲು ಆಲ್ಟೇರ್ ಎಂಬ ನೌಕೆಯೂ ಇತ್ತು. ಅದು ಕಾಗದ ಬಿಟ್ಟು ಮೇಲೇಳುವ ಮೊದಲೇ ಯೋಜನೆ ರದ್ದಾಯಿತು. ಇವತ್ತು ಅದರ ಹೆಸರು ಕೇಳಿದವರು ಕಡಿಮೆ.

ಹಾಗಾಗಿ ನಾನು ನೋಡುವುದು ಭಾಷಣವನ್ನಲ್ಲ, ಯಾವ ಕಾರ್ಖಾನೆಯಲ್ಲಿ ಲೋಹ ಬಾಗಿದೆ ಎಂಬುದನ್ನು. ಅಲಬಾಮಾ, ಲೂಸಿಯಾನಾ, ಯೂಟಾ, ಟೆಕ್ಸಾಸ್, ಫ್ಲಾರಿಡಾ – ಎಸ್‌ಎಲ್‌ಎಸ್, ಒರಾಯನ್ ಕೆಲಸ ಹಂಚಿಹೋಗಿರುವ ಈ ರಾಜ್ಯಗಳ ಸೆನೆಟರ್‌ಗಳು ತಮ್ಮೂರಿನ ಉದ್ಯೋಗ ಬಿಟ್ಟುಕೊಡುವವರಲ್ಲ. ಬಲ್ಲವರು ಆ ರಾಕೆಟ್ಟನ್ನು 'ಸೆನೆಟ್ ಲಾಂಚ್ ಸಿಸ್ಟಂ' ಎಂದು ಗೇಲಿ ಮಾಡುವುದು ಇದಕ್ಕೇ. 2025ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರವೇ ಮೂರನೇ ಆರ್ಟೆಮಿಸ್ ಹಾರಾಟದ ನಂತರ ಎಸ್‌ಎಲ್‌ಎಸ್, ಒರಾಯನ್ ಎರಡನ್ನೂ ನಿಲ್ಲಿಸುವ ಪ್ರಸ್ತಾವ ಇಟ್ಟಿತು. ಎರಡು ತಿಂಗಳೊಳಗೆ ಅವರದೇ ಪಕ್ಷದ ಸೆನೆಟರ್‌ಗಳು ನಾಲ್ಕನೇ, ಐದನೇ ಹಾರಾಟಕ್ಕೂ ಹಣ ಬರೆಸಿಕೊಂಡರು. ಉಳಿದದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಮೊದಲ ನಾಲ್ಕು ಹಾರಾಟಗಳಲ್ಲಿ ಒಂದೊಂದಕ್ಕೂ 410 ಕೋಟಿ ಡಾಲರ್ ತಗಲುತ್ತದೆ ಎಂದು ನಾಸಾದ ಮಹಾ ತನಿಖಾಧಿಕಾರಿಯೇ 2022ರಲ್ಲಿ ಸಂಸತ್ತಿಗೆ ಹೇಳಿದ್ದರು. ಹೊಸ ಸರ್ಕಾರ ಹಳೆಯ ಯೋಜನೆಯನ್ನು ಕೊಲ್ಲುವುದು ಕೆಲವೊಮ್ಮೆ ನ್ಯಾಯವೇ.

ಮನುಷ್ಯರನ್ನು ಚಂದ್ರನ ಮೇಲಿಳಿಸಿದ ಅಪೊಲೊ ಯೋಜನೆ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಕೆನಡಿ ಆರಂಭಿಸಿದ್ದನ್ನು ನಿಕ್ಸನ್ ಕೊಂದುಬಿಟ್ಟರು ಎಂದು ಬಹಳ ಜನ ನಂಬಿದ್ದಾರೆ. 1970ರಲ್ಲಿ ಅಪೊಲೊ 18, 19, 20 ರದ್ದಾದದ್ದು ನಿಕ್ಸನ್ ಕಾಲದಲ್ಲೇ, ನಿಜ. ಆದರೆ ಅಪೊಲೊ ಹೊತ್ತೊಯ್ಯುತ್ತಿದ್ದ ಸ್ಯಾಟರ್ನ್-5 ರಾಕೆಟ್‌ಗಳ ಹೊಸ ತಯಾರಿಕೆ ನಿಂತದ್ದು 1968ರಲ್ಲಿ, ಜಾನ್ಸನ್ ಇನ್ನೂ ಅಧ್ಯಕ್ಷರಾಗಿದ್ದಾಗ. ಮನುಷ್ಯ ಚಂದ್ರನ ಮೇಲೆ ಕಾಲಿಡಲು ಆಗ ಇನ್ನೂ ಒಂದು ವರ್ಷವಿತ್ತು! ವಿಯೆಟ್ನಾಂ ಯುದ್ಧ ಬೊಕ್ಕಸ ಬರಿದು ಮಾಡುತ್ತಿತ್ತು. ಸರ್ಕಾರ ಬದಲಾಗದೆಯೂ ಯೋಜನೆ ಸಾಯಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಈಗ ನಮ್ಮ ಕಥೆ. ಇಲ್ಲಿ ಅಡಿಗಲ್ಲು ಹಾಕುವವರು ಒಬ್ಬರು, ಟೇಪು ಕತ್ತರಿಸುವವರು ಇನ್ನೊಬ್ಬರು. 2003ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಚಂದ್ರಯಾನ ಘೋಷಿಸಿದ್ದು ವಾಜಪೇಯಿ. 2008ರ ಅಕ್ಟೋಬರ್ 22ರಂದು ಅದು ಹಾರಿದಾಗ ಪ್ರಧಾನಿ ಮನಮೋಹನ್ ಸಿಂಗ್. ತ್ರಿವರ್ಣ ಹೊತ್ತ ಪೆಟ್ಟಿಗೆ ಚಂದ್ರನಿಗೆ ಬಡಿದದ್ದು ನವೆಂಬರ್ 14ರಂದು, ನೆಹರೂ ಹುಟ್ಟಿದ ದಿನ. ಆ ಜಾಗಕ್ಕೆ ಜವಾಹರ್ ಹೆಸರು ಬಂತು. 2023ರಲ್ಲಿ ಚಂದ್ರಯಾನ-3 ಇಳಿದ ಜಾಗ 'ಶಿವಶಕ್ತಿ' ಆಯಿತು. ನಮ್ಮಲ್ಲಿ ಸರ್ಕಾರದ ಜೊತೆ ಬದಲಾಗುವುದು ಹೆಚ್ಚಾಗಿ ನಾಮಫಲಕ. ಮಂಗಳಯಾನವಂತೂ 2013ರ ನವೆಂಬರ್‌ನಲ್ಲಿ ಒಂದು ಸರ್ಕಾರದಡಿ ಹೊರಟು, ದಾರಿಯಲ್ಲಿರುವಾಗಲೇ ಚುನಾವಣೆ ಮುಗಿದು, 2014ರ ಸೆಪ್ಟೆಂಬರ್ 24ರಂದು ಇನ್ನೊಂದು ಸರ್ಕಾರದಡಿ ಮಂಗಳ ತಲುಪಿತು.

ಇದಕ್ಕೆ ಕಾರಣ ನಾಯಕರ ದೊಡ್ಡತನ ಒಂದೇ ಅಲ್ಲ. ಬಾಹ್ಯಾಕಾಶ ಇಲಾಖೆ ನೇರ ಪ್ರಧಾನಿಯ ಕೆಳಗಿದೆ. ಖರ್ಚೂ ಕಡಿಮೆ: ಇಲಾಖೆಯ ವರ್ಷದ ಬಜೆಟ್ ಸುಮಾರು 13 ಸಾವಿರ ಕೋಟಿ ರೂಪಾಯಿ. 50 ಲಕ್ಷ ಕೋಟಿಯ ಕೇಂದ್ರ ಬಜೆಟ್‌ನಲ್ಲಿ ಅದನ್ನು ಕಡಿದು ಉಳಿಸುವುದೇನೂ ಇಲ್ಲ, ಕಡಿದವರಿಗೆ ಕೆಟ್ಟ ಹೆಸರು ಮಾತ್ರ ಖಾತ್ರಿ.

ನಮ್ಮಲ್ಲಿನ ಕಾಯಿಲೆ ರದ್ದತಿಯಲ್ಲ, ನನೆಗುದಿ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಆಲೋಚನೆಗೆ ಬೆಂಗಳೂರಿನಲ್ಲಿ ಸೇರಿದ್ದ ವಿಜ್ಞಾನಿಗಳು ಒಪ್ಪಿಗೆ ಸೂಚಿಸಿದ್ದು 2006ರ ನವೆಂಬರ್‌ನಲ್ಲಿ. ಗಗನಯಾನ ಎಂಬ ಘೋಷಣೆ ಬಂದದ್ದು 2018ರಲ್ಲಿ. ನಡುವಿನ ಹನ್ನೆರಡು ವರ್ಷ ಇಸ್ರೊ ಸುಮ್ಮನೆ ಕೂರಲಿಲ್ಲ: 2007ರಲ್ಲಿ ಕಕ್ಷೆಯಿಂದ ಒಂದು ಕೋಶವನ್ನು (ಕ್ಯಾಪ್ಸೂಲ್) ಸುರಕ್ಷಿತವಾಗಿ ಬಂಗಾಳಕೊಲ್ಲಿಗೆ ಇಳಿಸಿತು, 2014ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳ ಕೋಶದ ಮಾದರಿಯನ್ನು ಹಾರಿಸಿ ನೋಡಿತು. ಗುರಿ ಕಡತದಲ್ಲಿ ಮಲಗಿತ್ತು, ಯಂತ್ರ ಎದ್ದೇ ಇತ್ತು. ಆಮೇಲೆ 2022 ಎಂದು ಕೊಟ್ಟ ಗಡುವು ದಾಟಿಹೋಯಿತು. ಆ ಅವಧಿಯಲ್ಲಿ ಸರ್ಕಾರವೇನೂ ಬದಲಾಗಿರಲಿಲ್ಲ.

2035, 2040ರ ವಿಷಯ. ಆ ಇಸವಿಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಗಂಭೀರವಾಗಿ ನೋಡುವುದು ಎರಡು ಖರ್ಚುಗಳನ್ನು: 2024ರ ಸೆಪ್ಟೆಂಬರ್‌ನಲ್ಲಿ ಮುಂದಿನ ತಲೆಮಾರಿನ ರಾಕೆಟ್‌ಗೆ ಮಂಜೂರಾದ 8,240 ಕೋಟಿ, 2025ರ ಜನವರಿಯಲ್ಲಿ ಶ್ರೀಹರಿಕೋಟದ ಮೂರನೇ ಉಡಾವಣಾ ವೇದಿಕೆಗೆ ಮಂಜೂರಾದ 3,984 ಕೋಟಿ ಚಿಲ್ಲರೆ. ವೇದಿಕೆಯ ಕಾಂಕ್ರೀಟು ಬಿದ್ದು, ರಾಕೆಟ್ಟಿನ ಎಂಜಿನ್ ಪರೀಕ್ಷೆಗೆ ಬಂದರೆ 2029ರಲ್ಲಿ ಯಾರೇ ಗೆಲ್ಲಲಿ, ಅವರು ಅದನ್ನು ಹಾರಿಸುತ್ತಾರೆ. ಎಲ್ಲಿಗೆ ಅನ್ನುವುದು ಬೇರೆ ಮಾತು. ಓದಿನ ಬಗ್ಗೆ ಕೇಳಿದಿರಿ: ಗಗನನೌಕೆ ಯಾವ ಊರಿಗೆ ಹೋದರೂ ಅದಕ್ಕೆ ಎಂಜಿನ್, ಶಾಖಕವಚ, ಪ್ಯಾರಾಚೂಟ್, ಉಸಿರಾಟದ ವ್ಯವಸ್ಥೆ ಬೇಕೇ ಬೇಕು. ಅದರಲ್ಲೊಂದನ್ನು ಹಿಡಿದುಕೊಳ್ಳಿ.

ಪ್ರಶ್ನೆ: ಅಮೆರಿಕದವರ ಜೊತೆ ಸೇರಿ ಮಾಡುವ ಯೋಜನೆಗಳ ಗತಿ? ಅವರು ಮನಸ್ಸು ಬದಲಿಸಿದರೆ ನಾವು ನಡುನೀರಿನಲ್ಲಿ ಅಲ್ಲವೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಯುರೋಪಿಗೆ ಹಾಗೇ ಆಯಿತು. ಮಂಗಳಕ್ಕೆ ಜೊತೆಯಾಗಿ ಹೋಗೋಣ ಎಂದಿದ್ದ ನಾಸಾ 2012ರಲ್ಲಿ ಹಣವಿಲ್ಲವೆಂದು ಹಿಂದೆ ಸರಿಯಿತು, ಯುರೋಪಿನವರು ರಷ್ಯಾದ ಕೈ ಹಿಡಿದರು, ಉಕ್ರೇನ್ ಯುದ್ಧದಿಂದ ಅದೂ ಮುರಿಯಿತು. ಆದರೆ ಜಂಟಿತನವೇ ಕಾಪಾಡಿದ್ದೂ ಉಂಟು. 1993ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಕೆಳಮನೆಯಲ್ಲಿ ಬದುಕಿದ್ದು ಒಂದೇ ಒಂದು ಮತದಿಂದ, 216–215. ರಷ್ಯಾವನ್ನು ಜೊತೆಗೆ ಸೇರಿಸಿಕೊಂಡ ಮೇಲೆ ಅದನ್ನು ಮುಟ್ಟುವುದು ಕಷ್ಟವಾಯಿತು.

ನಾಸಾ, ಇಸ್ರೊ ಸೇರಿ ಕಟ್ಟಿದ, ರಾಡಾರ್‌ನಿಂದ ಭೂಮಿಯನ್ನು ನೋಡುವ ನಮ್ಮದೇ ನಿಸಾರ್ ಉಪಗ್ರಹಕ್ಕೆ ಒಪ್ಪಂದವಾದದ್ದು 2014ರ ಸೆಪ್ಟೆಂಬರ್‌ನಲ್ಲಿ, ಒಬಾಮಾ ಕಾಲದಲ್ಲಿ. ಹಾರಿದ್ದು 2025ರ ಜುಲೈ 30ರಂದು. ನಡುವೆ ಅಲ್ಲಿ ಮೂರು ಸಲ ಅಧಿಕಾರ ಕೈಬದಲಾಯಿತು. ಒಂದು ರಾಡಾರ್ ಅವರದು, ಒಂದು ನಮ್ಮದು, ಎರಡಕ್ಕೂ 12 ಮೀಟರ್ ಅಗಲದ ಆಂಟೆನಾ ಒಂದೇ. ಬಿಡಿಸಿಕೊಂಡು ಹೋಗಲು ದಾರಿಯೇ ಇರಲಿಲ್ಲ. ಆ ಆಂಟೆನಾ ವಿಶೇಷ ಲೇಪನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ವಾಪಸ್ ಬಂತು. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಯ ಮತದಾನ ನಡೆದದ್ದು ಅದರ ಮರುತಿಂಗಳು.